ಮದುವೆಮಂಟಪದ ಬಹುಮುಖಿ ನೆಲೆಗಳು: ಒಂದು ತಾತ್ವಿಕ ಅನುಸಂಧಾನ

ಪ್ರಸ್ತುತ ಸಂಪ್ರಬಂಧವು ಕರ್ನಾಟಕದ ಸಮಕಾಲೀನ ವಿವಾಹಸಂಕಥನದೊಳಗೆ ಅಂತರ್ಗತವಾಗಿರುವ ವೈಭವಾತ್ಮಕ ಅಸ್ಮಿತೆಯನ್ನು ಬಹುಶಿಸ್ತೀಯ ಪರಿಪ್ರೇಕ್ಷ್ಯದಲ್ಲಿ ಮುಖಾಮುಖಿಯಾಗಲು ಹವಣಿಸುತ್ತದೆ. (ಹವಣಿಸದ ಸಂಪ್ರಬಂಧಕ್ಕೆ ನಮ್ಮಲ್ಲಿ ಡಾಕ್ಟರೇಟ್ ಕೊಡುವುದಿಲ್ಲ.) ಅಮೆರಿಕದ ಥಾರ್‌ಸ್ಟೈನ್ ವೆಬ್ಲೆನ್ ತೋರಿಕೆಯ ಖರ್ಚಿನ ಬಗ್ಗೆ 1899ರಲ್ಲೇ ಗ್ರಂಥ ಬರೆದನಾದರೂ, ಮಂಡ್ಯ ಕಡೆಯ ಬೀಗರೂಟ ಉಂಡವನಲ್ಲವಾದ್ದರಿಂದ ಅವನ ಸಿದ್ಧಾಂತ ಅಪೂರ್ಣ.

ಅಧ್ಯಯನದ ಅನುಕೂಲಕ್ಕಾಗಿ ಮದುವೆಗಳನ್ನು ನಾಲ್ಕು ಸ್ತರಗಳಾಗಿ ವಿಂಗಡಿಸಲಾಗಿದೆ.

ಒಂದು, ಪುರಾಣಸ್ತರ. ಆಕರ: 2016ರ ನವೆಂಬರ್ 16, ಬೆಂಗಳೂರಿನ ಅರಮನೆ ಮೈದಾನ, ಗಾಲಿ ಜನಾರ್ದನ ರೆಡ್ಡಿಯವರ ಮಗಳ ಮದುವೆ. ಲಗ್ನಪತ್ರಿಕೆಯ ಪೆಟ್ಟಿಗೆ ತೆರೆದರೆ ಎಲ್‌ಸಿಡಿ ಪರದೆಯಲ್ಲಿ ಮನೆಮಂದಿಯೇ ಹಾಡಿ ಕರೆಯುತ್ತಿದ್ದರು. ಮೈದಾನದಲ್ಲಿ ಹಂಪಿಯೇ ಸೆಟ್ಟಾಗಿ ಎದ್ದಿತ್ತು. 500, 1000ದ ನೋಟು ರದ್ದಾಗಿ ಎಂಟು ದಿನ. ಉಳಿದ ನಾಡು ಎರಡು ಸಾವಿರಕ್ಕಾಗಿ ಎಟಿಎಂ ಮುಂದೆ ಸಾಲುಗಟ್ಟಿತ್ತು. ಇದನ್ನು 'ಬಿಕ್ಕಟ್ಟಿನ ಕಾಲದ ಸೌಂದರ್ಯಮೀಮಾಂಸೆ' ಎನ್ನತಕ್ಕದ್ದು.

ಎರಡು, ಅನುಕರಣಸ್ತರ. ತಲೆಯ ಮೇಲೆ ಡ್ರೋನು ಗುಂಯ್‌ಗುಡುವುದರಿಂದ ಮಂತ್ರ ಯಾರಿಗೂ ಕೇಳಿಸದು. ಫೋಕಸ್ ಸರಿಬರಲಿಲ್ಲವೆಂದು ಫೋಟೋಗ್ರಾಫರ್ ಹೇಳಿದರೆ ಧಾರೆಯನ್ನು ಮತ್ತೊಮ್ಮೆ ಎರೆಯಲಾಗುತ್ತದೆ. ಕನ್ಯಾದಾನದ ಎರಡನೇ ಟೇಕ್‌ಗೆ ಶಾಸ್ತ್ರಾಧಾರವನ್ನು ಹುಡುಕಲಾಗುತ್ತಿದೆ.

ಮೂರು, ಭೋಜನಸ್ತರ. ಇದಕ್ಕೊಂದು ಪಾರಿಭಾಷಿಕ ಪದ ಟಂಕಿಸಬೇಕೆಂದು ಕೂತಿದ್ದೆ, ಅಷ್ಟರಲ್ಲಿ ಪಂಕ್ತಿ ಎದ್ದಿತು. ಎದುರಿನ ಎಲೆಯಲ್ಲಿ ಚಿವುಟಿಯೂ ನೋಡದ ಹೋಳಿಗೆ, ಅದರ ಮೇಲೆ ಹೆಪ್ಪುಗಟ್ಟಿದ ತುಪ್ಪ, ಬಡಿಸಿದ ಹಾಗೇ ಇದ್ದ ಬಿಸಿಬೇಳೆಬಾತು, ಮುಚ್ಚಳ ತೆಗೆಯದ ನೀರಿನ ಬಾಟಲಿ. ಎಲೆ ತೆಗೆಯುವ ಹೆಂಗಸು ಅಷ್ಟನ್ನೂ ಒಂದೇ ಮಡಿಕೆಗೆ ಸುತ್ತಿ ಬಕೆಟ್ಟಿಗೆ ತಳ್ಳಿದಳು. ಅವಳದಿನ್ನೂ ಊಟವಾಗಿರಲಿಲ್ಲ. ಇದಕ್ಕೆ ಯಾವ ನೆಲೆ, ಯಾವ ಪರಿಪ್ರೇಕ್ಷ್ಯ? ನಾಚಿಕೆಯಾಗಬೇಕು, ಅಷ್ಟೆ.

ನಾಲ್ಕನೆಯ ಸ್ತರ ಹಾಳಾಗಿಹೋಗಲಿ.

1966ರಲ್ಲಿ ಕುವೆಂಪು ಮಗ ತೇಜಸ್ವಿಯ ಮದುವೆಯನ್ನು ಮಂತ್ರಮಾಂಗಲ್ಯದಲ್ಲಿ ಮಾಡಿ ಮುಗಿಸಿದರು. ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ದುಂದಿಲ್ಲ. ದಾರಿ ಗೊತ್ತಿಲ್ಲ ಅನ್ನುವ ಹಾಗೂ ಇಲ್ಲ ನಾವು. ಅದರ ಬಗ್ಗೆ ವಿಚಾರಸಂಕಿರಣ ನಡೆಸಿ, ಶಾಲು ಹೊದಿಸಿಕೊಂಡು, ಸಂಜೆ ನೇರ ಆರತಕ್ಷತೆಗೆ ಹೋಗಿ ಸಾಲಿನಲ್ಲಿ ನಿಲ್ಲುತ್ತೇವೆ. ಹುಡುಗಿಯ ಅಪ್ಪ ಕೈಮುಗಿದು 'ಊಟ ಮಾಡ್ಕೊಂಡೇ ಹೋಗ್ಬೇಕು' ಅನ್ನುತ್ತಾನೆ. ಅವನ ತೋಟ ಅಡವಾಗಿರುವುದು ಸಾಲಿನಲ್ಲಿರುವ ಅರ್ಧ ಜನಕ್ಕೆ ಗೊತ್ತು. ಉಣ್ಣುತ್ತೇವೆ, ಐಸ್‌ಕ್ರೀಮು ಬೀಡಾ ಎರಡನ್ನೂ ಬಿಡುವುದಿಲ್ಲ, ಡೆಕೊರೇಷನ್ ಸ್ವಲ್ಪ ಡಲ್ಲಾಯಿತು ಅಂದುಕೊಳ್ಳುತ್ತ ಕಾರು ಹತ್ತುತ್ತೇವೆ.