ಐದರ ಮೇಲಿನ ಉಬ್ಬು

ರಾತ್ರಿ ಹನ್ನೊಂದಾದರೂ ನಿಮ್ಮ ಹಿತ್ತಲ ಕೋಣೆಯಲ್ಲಿ ದೀಪ ಉರೀತಿತ್ತಲ್ಲ, ಏನು ಸಮಾಚಾರ ಅಂತ ಪಕ್ಕದ ಮನೆ ಮೇಷ್ಟ್ರು ಬೆಳಿಗ್ಗೆ ಕಾಂಪೌಂಡಿನ ಆಚೆಯಿಂದಲೇ ಕೇಳಿದರು. ನಂಬರ್‌ಪ್ಯಾಡ್ ಕಟ್ತಾ ಇದ್ದೆ ಸಾರ್, ಅಂದೆ. ಲ್ಯಾಪ್‌ಟಾಪಿನ ಮೇಲ್ಸಾಲಿನ ಅಂಕಿಗಳನ್ನೇ ಒತ್ತುತ್ತಾ ಎಷ್ಟು ದಿನ ಲೆಕ್ಕ ಬರೆಯೋದು, ಅಲ್ವಾ?

ಸ್ವಿಚ್ಚು, ಕೀಕ್ಯಾಪು ಎಲ್ಲ, ಕೆಟ್ಟು ಮೂಲೆ ಸೇರಿದ್ದ ಮೆಕ್ಯಾನಿಕಲ್ ಕೀಬೋರ್ಡಿನಿಂದ ಬಿಚ್ಚಿದ್ದು. ಪ್ರೊ ಮೈಕ್ರೊ ಎಂಬ ಪುಟ್ಟ ಕಂಟ್ರೋಲರ್ ಬೋರ್ಡು, ತಂತಿ, ಡಯೋಡು ಬೆಂಗಳೂರಿನ ಎಸ್.ಪಿ. ರೋಡಿನವು. 1.5 ಮಿ.ಮೀ. ದಪ್ಪದ ಹಾಳೆಯಲ್ಲಿ 14 ಮಿ.ಮೀ. ಚೌಕದ ತೂತುಗಳು, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಸರಿಯಾಗಿ ಮುಕ್ಕಾಲು ಇಂಚು. ಅರ ಹಿಡಿದು ಉಜ್ಜಿ, ಸ್ವಿಚ್ಚು ಕಟಕ್ಕನೆ ಕೂತಾಗ ಆಗುವ ಖುಷಿ ಇದೆಯಲ್ಲ!

ಕೀಗಳು 17. ಬೋರ್ಡಿನಲ್ಲಿ 18 ಪಿನ್ ಇರೋದರಿಂದ ಒಂದೊಂದಕ್ಕೂ ಒಂದೊಂದು ತಂತಿ ಎಳೆದರೂ ನಡೆಯುತ್ತಿತ್ತು. ಆದರೆ ಐದು ಅಡ್ಡಸಾಲು, ನಾಲ್ಕು ಕಂಬಸಾಲು ಮಾಡಿದರೆ 9 ಪಿನ್ನಿಗೇ ಕೆಲಸ ಮುಗಿಯುತ್ತೆ, ಮಿಕ್ಕ 9 ಮುಂದಿನ ಆಸೆಗಳಿಗೆ. ಹಾಗೆ ಮಾಡಿದಾಗ ಪ್ರತಿ ಕೀಗೂ ಒಂದು ಡಯೋಡು ಬೇಕು. ಇಲ್ಲದಿದ್ದರೆ ಮೂರು ಒಟ್ಟಿಗೆ ಒತ್ತಿದಾಗ, ಒತ್ತದೇ ಇರೋ ನಾಲ್ಕನೆಯದೂ ಬಂದುಬಿಡುತ್ತೆ. ಅಕ್ಕಿಕಾಳಿನಷ್ಟು ಗಾಜು, ಒಂದು ತುದಿಗೆ ಕರಿ ಗೆರೆ. ಗೆರೆಗಳೆಲ್ಲ ಒಂದೇ ಕಡೆ ಮುಖ ಮಾಡಿರಬೇಕು. ನನ್ನ 7 ಮಾತ್ರ ಉಸಿರೆತ್ತಲಿಲ್ಲ. ಭೂತಗನ್ನಡಿ ಹಿಡಿದು ನೋಡಿದರೆ, ಅದೊಂದೇ ಗೆರೆ ಆಕಡೆ ತಿರುಗಿತ್ತು!

ಅಂದಹಾಗೆ, ಫೋನಿನಲ್ಲಿ 1-2-3 ಮೇಲಿದ್ದರೆ ಇದರಲ್ಲಿ 7-8-9 ಮೇಲೆ ಯಾಕೆ ಅಂದರು ಮೇಷ್ಟ್ರು. ಗುಂಡಿ ಫೋನಿಗಿಂತ ಮೊದಲೇ ಲೆಕ್ಕದ ಯಂತ್ರಗಳಲ್ಲಿ ಇದೇ ಕ್ರಮ ರೂಢಿಯಲ್ಲಿತ್ತು. ಅಮೆರಿಕದ ಬೆಲ್ ಲ್ಯಾಬ್ಸಿನವರು ಗುಂಡಿ ಫೋನಿಗಾಗಿ ಬಗೆಬಗೆಯ ಜೋಡಣೆ ಪರೀಕ್ಷಿಸಿ 1960ರಲ್ಲಿ ವರದಿ ಬರೆದರು, ಫೋನಿಗೆ 1-2-3 ಮೇಲೆ ಬಂತು. ಬ್ಯಾಂಕಿನಲ್ಲಿದ್ದ ನಮ್ಮತ್ತೆಗೆ ಈ ಗೊಡವೆಯೇ ಇರಲಿಲ್ಲ ಬಿಡಿ. ಕಣ್ಣು ಲೆಡ್ಜರಿನ ಮೇಲೆ, ನಡುಬೆರಳು 5ರ ಮೇಲೆ. ಉದ್ದುದ್ದ ಕಾಲಂ ಕೂಡಿ ಮುಗಿಸೋವರೆಗೂ ತಲೆ ಎತ್ತುತ್ತಿರಲಿಲ್ಲ.

ಬೋರ್ಡಿಗೆ ಕ್ಯೂಎಂಕೆ ಎಂಬ ಕೀಬೋರ್ಡ್ ತಂತ್ರಾಂಶ ತುಂಬಿಸಿದ ಮೇಲೆ ಇನ್ನೊಂದು ಅನುಕೂಲ: ನಮ್‌ಲಾಕ್ ಒತ್ತಿ ಹಿಡಿದರೆ 1 ಕಾಪಿ, 2 ಪೇಸ್ಟ್, 3ಕ್ಕೆ ಬಿಲ್ಲಿನ ತಲೆಬರಹ. ಅಂಗಡಿಯ ಅಗ್ಗದ ಪ್ಯಾಡು ಇಷ್ಟು ಮಾತು ಕೇಳುತ್ತಾ, ಹೇಳಿ?

ನೀವೂ ಕಟ್ಟೋದಾದರೆ, ಕೀಕ್ಯಾಪ್ ಆರಿಸುವಾಗ ಬಣ್ಣ ಆಮೇಲೆ ನೋಡಿ. ಮೊದಲು 5ರ ಮೇಲೆ, ನೋಡದೆಯೇ ಬೆರಳಿಗೆ ಜಾಗ ತೋರಿಸುವ ಆ ಸಣ್ಣ ಉಬ್ಬು ಇದೆಯಾ ಅಂತ ಬೆರಳಾಡಿಸಿ ನೋಡಿ.