ಅಂಕಿ-ಅಂಶದ ಮೇಷ್ಟ್ರು

ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆ ಹೋಬಳಿಯಿರಲಿ, ರಾಜ್ಯದ ಇನ್ನಾವ ಮೂಲೆಯಿರಲಿ, ಸರ್ಕಾರಿ ಶಾಲೆಯಿದ್ದಲ್ಲಿ ಅಂಕಿ-ಅಂಶದ ಮೇಷ್ಟ್ರು ಒಬ್ಬರು ಇದ್ದೇ ಇರುತ್ತಾರೆ. ಈ ಹುದ್ದೆಗೆ ನೇಮಕಾತಿ ಆದೇಶವಿಲ್ಲ. ಎಂದೋ ಸಹೋದ್ಯೋಗಿಯೊಬ್ಬರ ಮೊಬೈಲ್ ಸರಿಮಾಡಿಕೊಟ್ಟದ್ದೇ ಅರ್ಹತೆ. ಅಂದಿನಿಂದ ಮಕ್ಕಳ ದಾಖಲೆಯ ಎಸ್‌ಎಟಿಎಸ್ ಪೋರ್ಟಲ್, ಶಾಲೆಯ ಮಾಹಿತಿಯ ಯುಡೈಸ್ ಪ್ಲಸ್ ಪೋರ್ಟಲ್, ಬಿಸಿಯೂಟದ ಅಕ್ಕಿ, 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲಿನ ಪುಡಿ, ಎಲ್ಲದರ ಲೆಕ್ಕವೂ "ಮೇಷ್ಟ್ರೇ, ಇದೊಂದು ವಸಿ ನೋಡ್ಬುಡಿ" ಎಂಬ ಮಾತಿನೊಂದಿಗೆ ಇವರ ಹೆಗಲೇರುತ್ತದೆ.

ದಿನ ಆರಂಭವಾಗುವುದು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯವರ (ಸಿ.ಆರ್.ಪಿ.) ವಾಟ್ಸಾಪ್ ಸಂದೇಶದಿಂದ. "ಅತಿ ತುರ್ತು, 12 ಗಂಟೆಯೊಳಗೆ" ಎಂದು ಕೇಳಿರುವುದು ಹೋದ ವಾರ ಕಳಿಸಿದ್ದ ಮಾಹಿತಿಯನ್ನೇ, ನಮೂನೆ ಮಾತ್ರ ಬೇರೆ. ಹಗಲು ಸರ್ವರ್ ಸಿಕ್ಕದ ಕಾರಣ ನಮೂದು ನಡೆಯುವುದು ರಾತ್ರಿ, ಮನೆಯವರ ಗೊಣಗಾಟದ ನಡುವೆ. ಎಲ್ಲಕ್ಕಿಂತ ಕಷ್ಟದ್ದು ಹೆಸರಿನ ತಾಳೆ. ಆಧಾರ್‌ನಲ್ಲಿ ಒಬ್ಬ, ದಾಖಲಾತಿ ವಹಿಯಲ್ಲಿ ಇನ್ನೊಬ್ಬ; ಎದುರಿಗೆ ಚಡ್ಡಿ ಎಳೆದುಕೊಳ್ಳುತ್ತ ನಿಂತ ಹುಡುಗ ಎರಡರಲ್ಲೂ ಇಲ್ಲ.

ದೇಶದ ಶಾಲೆಗಳ ಲೆಕ್ಕ 2012-13ರಲ್ಲಿ ಯುಡೈಸ್ ಆಯಿತು, 2018-19ರಲ್ಲಿ ಯುಡೈಸ್ ಪ್ಲಸ್ ಆಯಿತು. ಹೆಸರಿನ ಜೊತೆ ಕಾಲಂಗಳೂ ಬೆಳೆದವು. ಚಿಕ್ಕರಸಿನಕೆರೆಯವರು ಸಂದೇಹ ಬಂದರೆ ಕಾಲಭೈರವೇಶ್ವರನ ದೇವರ ಬಸವ, ಬಸಪ್ಪನನ್ನು ಕೇಳುತ್ತಾರೆ, ಅಪ್ಪಣೆಯೂ ಸಿಗುತ್ತದೆ. ಪೋರ್ಟಲ್ ಕೇಳುತ್ತದೆಯೇ ಹೊರತು ಹೇಳುವುದಿಲ್ಲ.

ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳ ಅಂಕಗಳನ್ನು ಮೇಷ್ಟ್ರು ತಪ್ಪದೆ ತುಂಬುತ್ತಾರೆ. ಐದನೇ ತರಗತಿಯಲ್ಲಿ ಭಾಗಾಕಾರ ಬಾರದವರು ಯಾರ್‍ಯಾರೆಂಬುದು ಅವರಿಗೆ ಬಾಯಿಪಾಠ. ಆದರೆ ಸಿಬ್ಬಂದಿ ಸಭೆಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ; "ಅಪ್‌ಲೋಡ್ ಆಯ್ತಾ?" ಎಂದಷ್ಟೇ ಕೇಳಿ ಟೀ ತರಿಸುತ್ತಾರೆ.

ಅದೇ ಶಾಲೆಯ ನಲಿಕಲಿ ಕೊಠಡಿಯಲ್ಲಿ ಮಾತ್ರ ಲೆಕ್ಕ ಗೋಡೆಯ ಮೇಲಿರುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ಈ ಪದ್ಧತಿಯಲ್ಲಿ ಯಾವ ಮಗು ಕಲಿಕಾ ಏಣಿಯ ಎಷ್ಟನೇ ಮೆಟ್ಟಿಲಲ್ಲಿದೆ ಎಂಬುದು ಗೋಡೆಯ 'ಪ್ರಗತಿ ನೋಟ' ಪಟ್ಟಿಯಿಂದ ತಿಳಿಯುತ್ತದೆ. ಯಾರನ್ನು ತಮ್ಮ ಪಕ್ಕ ಕೂರಿಸಿಕೊಳ್ಳಬೇಕು, ಯಾರನ್ನು ಅವರ ಪಾಡಿಗೆ ಬಿಡಬೇಕು ಎಂದು ಟೀಚರ್ ಆಗಲೇ ತೀರ್ಮಾನಿಸುತ್ತಾರೆ. ಇದಕ್ಕೆ ಪಾಸ್‌ವರ್ಡ್ ಬೇಕಿಲ್ಲ, ಓಟಿಪಿಯೂ ಬರುವುದಿಲ್ಲ.

ಅಂಕಿ-ಅಂಶದ ಮೇಷ್ಟ್ರಿಗೆ ಬೇಕಿರುವುದು ಇನ್ನೊಂದು ಪೋರ್ಟಲ್ ಅಲ್ಲ. ತುಂಬಿದ ಅಂಕಗಳನ್ನು ಉಳಿದ ಶಿಕ್ಷಕರ ಜೊತೆ ಕೂತು ಓದಲು ತಿಂಗಳಿಗೊಂದು ಗಂಟೆ. ಆ ಗಂಟೆಯ ವರದಿಗೂ ಇಲಾಖೆ ಒಂದು ನಮೂನೆ ಕಳಿಸದಿದ್ದರೆ ಸಾಕು.