ಭಾವನ ಪೆಟ್ಟಿಗೆಗೊಂದು ಕಿಟಕಿ

ಅಕ್ಕನ ಮನೆಗೆ ಹೋದರೆ ಕಾಫಿಗಿಂತ ಮುಂಚೆ ಉಷ್ಣಾಂಶ ಬರುತ್ತದೆ. "ಬಾರಯ್ಯಾ ಬಾ, ನಲವತ್ತಾರು!" ಅನ್ನುತ್ತಾರೆ ಭಾವ, ಬಾಗಿಲಲ್ಲೇ. ಮೊದಲ ಸಲ ಕೇಳಿದಾಗ ಯಾವುದೋ ಬಸ್ಸಿನ ನಂಬರ್ ಅಂದುಕೊಂಡಿದ್ದೆ. ಅದು ಅವರ ಕಂಪ್ಯೂಟರಿನ ಮೈಬಿಸಿ.

ಇಂಥವರು ಬಡಾವಣೆಗೊಬ್ಬರು ಇದ್ದೇ ಇರುತ್ತಾರೆ. ಯಂತ್ರ ಕೆಟ್ಟರೆ ತಲೆ ಕೆಡಿಸಿಕೊಳ್ಳುವವರು ನಾವು ನೀವು. ಇವರು ಯಂತ್ರ ಸರಿಯಾಗಿದ್ದರೆ ತಲೆ ಕೆಡಿಸಿಕೊಳ್ಳುತ್ತಾರೆ. ಎಷ್ಟು ಸರಿಯಾಗಿದೆ ಅಂತ ಅಂಕಿಯಲ್ಲಿ ಗೊತ್ತಾಗಬೇಕು. ಸ್ಕೂಟರಿಗೆ ಹಾಕಿಸಿದ ಪೆಟ್ರೋಲನ್ನು ಡೈರಿಯಲ್ಲಿ ಬರೆಯುವವರು, ಗ್ಯಾಸ್ ಸಿಲಿಂಡರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ "ಇನ್ನು ಹನ್ನೊಂದು ದಿನ" ಎಂದು ಭವಿಷ್ಯ ಹೇಳುವವರು ಇವರೇ. ನಮ್ಮ ಭಾವ ಮೂವತ್ತು ವರ್ಷ ಬ್ಯಾಂಕಿನಲ್ಲಿದ್ದವರು. ಕ್ಯಾಶ್ ಟ್ಯಾಲಿ ಆಗದೆ ಒಂದು ದಿನವೂ ಮನೆಗೆ ಬಂದವರಲ್ಲ. ನಿವೃತ್ತರಾದ ಮೇಲೆ ಟ್ಯಾಲಿ ಮಾಡಲು ಏನೂ ಉಳಿಯದೆ ಕಂಪ್ಯೂಟರ್ ಕಟ್ಟಿದರು.

ಕಟ್ಟಿದರು ಅಂದರೆ ಪೆಟ್ಟಿಗೆಯನ್ನೂ ಸೇರಿಸಿ. ಊರಿನ ಮನೆ ಕೆಡವಿದಾಗ ಎತ್ತಿಟ್ಟಿದ್ದ ಬಾಗಿಲಿನ ತೇಗದ ಹಲಗೆ ಅಟ್ಟದ ಮೇಲಿತ್ತು. ಆಚಾರ್ರನ್ನು ಕರೆಸಿ, ಎದುರು ಕೂತು ಕೊಯ್ಯಿಸಿ, ಮುಂದೆ ಗಾಳಿಗೆ ಜಾಲಂಧ್ರ ಬಿಡಿಸಿ, ಪಾಲಿಶ್ ಹಾಕಿಸಿದರು. ಒಳಗೆ ಮದರ್‌ಬೋರ್ಡು, ಎರಡು ಫ್ಯಾನು. ಗೃಹಪ್ರವೇಶದಷ್ಟೇ ಸಂಭ್ರಮದಿಂದ ಬೀದಿಯವರನ್ನೆಲ್ಲ ಕರೆದು ತೋರಿಸಿದರು. ಬಂದವರೆಲ್ಲ "ಹಾರ್ಮೋನಿಯಂ ಬಹಳ ಲಕ್ಷಣವಾಗಿದೆ" ಅಂದು ಕೋಸಂಬರಿ ತಿಂದು ಹೋದರು.

ಅಂದು ರಾತ್ರಿಯೇ ಭಾವ ನಿಶ್ಚಯಿಸಿದರು: ಪೆಟ್ಟಿಗೆಗೆ ಒಂದು ಕಿಟಕಿ ಬೇಕು. ಅದರಲ್ಲಿ ಅಕ್ಷರ ಓಡಬೇಕು. ತಾನು ಹಾರ್ಮೋನಿಯಂ ಅಲ್ಲವೆಂದು ಅದು ತನ್ನ ಬಾಯಲ್ಲೇ ಹೇಳಬೇಕು.

ಟೌನ್ ಹಾಲ್ ಹತ್ತಿರದ ಎಸ್.ಪಿ. ರಸ್ತೆಗೆ ನನ್ನನ್ನೂ ಎಳೆದುಕೊಂಡು ಹೋದರು. (ಅದನ್ನು ಸಾದರ್ ಪತ್ರಪ್ಪ ರಸ್ತೆ ಎಂದು ಪೂರ್ತಿಯಾಗಿ ಕರೆಯುವವರು ನಾನು ಕಂಡಂತೆ ಭಾವ ಒಬ್ಬರೇ. ಆಟೋದವನಿಗೂ ಹಾಗೇ ಹೇಳಿ ಕಾಲು ಗಂಟೆ ಕಳೆದೆವು.) ಅಂಗಡಿ ಹುಡುಗ ಮೊದಲು ತೋರಿಸಿದ್ದು ಹೆಬ್ಬೆರಳಿನಷ್ಟು ಅಗಲದ ಓಎಲ್‌ಇಡಿ. ಒಂದಂಗುಲವೂ ಇಲ್ಲದ ಪರದೆಯಲ್ಲಿ ಉದ್ದಕ್ಕೆ 128, ಎತ್ತರಕ್ಕೆ 64 ಚುಕ್ಕೆ. ಭಾವ ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. "ಇದನ್ನ ಓದೋಕೆ ಇನ್ನೊಂದು ಡಿಸ್‌ಪ್ಲೇ ಬೇಕು" ಎಂದು ಪಕ್ಕಕ್ಕಿಟ್ಟು 'ಸಿಕ್ಸ್‌ಟೀನ್ ಬೈ ಟೂ' ಹಿಡಿದರು: ಎರಡು ಸಾಲು, ಸಾಲಿಗೆ ಹದಿನಾರು ಅಕ್ಷರ. ಹಿಟಾಚಿಯವರ ಎಚ್‌ಡಿ44780 ಎಂಬ ಚಿಪ್ಪಿನ ವಂಶದ್ದು. 1980ರ ದಶಕದಿಂದ ಪ್ರಿಂಟರಿನಲ್ಲಿ, ಜೆರಾಕ್ಸ್ ಯಂತ್ರದಲ್ಲಿ ಕೂತು ನಮ್ಮನ್ನು ನೋಡುತ್ತಾ ಬಂದದ್ದು. ಜೊತೆಗೆ ಆರ್ಡುಯಿನೋ ಎಂಬ ಒಂದು ಪುಟ್ಟ ಸರ್ಕ್ಯೂಟ್ ಬೋರ್ಡು. ಕಂಪ್ಯೂಟರ್ ತನ್ನ ಬಿಸಿಯನ್ನು ಯುಎಸ್‌ಬಿ ತಂತಿಯಲ್ಲಿ ಆರ್ಡುಯಿನೋದ ಕಿವಿಗೆ ಊದಬೇಕು, ಅದು ಕೇಳಿಸಿಕೊಂಡು ಪರದೆಯ ಮೇಲೆ ಬರೆಯಬೇಕು. ಬ್ಯಾಂಕಿನಲ್ಲಿ ಮ್ಯಾನೇಜರ್ ಹೇಳಿದ್ದನ್ನು ಹೆಡ್ ಕ್ಲರ್ಕ್ ಬೋರ್ಡಿನ ಮೇಲೆ ಬರೆದ ಹಾಗೆ, ಅಂದರು ಭಾವ.

ಹೆಡ್ ಕ್ಲರ್ಕ್ ಮೊದಲ ದಿನ ಏನನ್ನೂ ಬರೆಯಲಿಲ್ಲ. ಪರದೆ ನೀಲಿಯಾಗಿ ಬೆಳಗಿತು, ಅಷ್ಟೇ. ಭಾವ ತಂತಿ ಬದಲಿಸಿದರು, ಪ್ರೋಗ್ರಾಮನ್ನು ಮೂರು ಸಲ ಅಳಿಸಿ ಬರೆದರು, ಊಟ ಬಿಟ್ಟರು. ಸಂಜೆ ಅಂಗಡಿಗೆ ಫೋನ್ ಮಾಡಿ ಗ್ರಾಹಕರ ಹಕ್ಕಿನ ಬಗ್ಗೆ ಮಾತು ತೆಗೆದಾಗ ಹುಡುಗ ಶಾಂತವಾಗಿ, "ಸಾರ್, ಹಿಂದೆ ನೀಲಿ ಡಬ್ಬಿ ಮೇಲೆ ಸ್ಕ್ರೂ ಇದೆ, ತಿರುಗಿಸಿದ್ರಾ?" ಅಂದ. ಕಾಂಟ್ರಾಸ್ಟಿನ ಸ್ಕ್ರೂ. ತಿರುಗಿಸಿದ ಕೂಡಲೇ, ಅಷ್ಟು ಹೊತ್ತೂ ಅಲ್ಲೇ ಇದ್ದ ಅಕ್ಷರಗಳು ಎದ್ದು ನಿಂತವು.

ಆದರೆ 46ರ ಮುಂದೆ ಡಿಗ್ರಿಯ ಸೊನ್ನೆ ಇರಬೇಕಾದ ಕಡೆ ನಗುಮುಖದಂಥ ಒಂದು ಗುರುತು, ಅದರ ಪಕ್ಕ ಒಂದು ಗೆರೆ. ಯಂತ್ರ ತನ್ನನ್ನು ಅಣಕಿಸುತ್ತಿದೆ ಎಂದೇ ಭಾವ ತಿಳಿದರು. ವಿಷಯ ಇಷ್ಟೇ: ಆ ಚಿಪ್ಪಿನ ಹೊಟ್ಟೆಯಲ್ಲಿ ಇಂಗ್ಲಿಷಿನ ಜೊತೆ ಜಪಾನಿನ ಕಟಕಾನ ಅಕ್ಷರಗಳಿವೆ. ಕಂಪ್ಯೂಟರ್ ಇವತ್ತಿನ ಪದ್ಧತಿಯಂತೆ ಡಿಗ್ರಿ ಚಿಹ್ನೆಯನ್ನು ಎರಡು ಬೈಟಾಗಿ ಕಳಿಸಿದರೆ, ಹಳೆಯ ಚಿಪ್ಪು ಅದನ್ನು ಎರಡು ಜಪಾನಿ ಅಕ್ಷರವಾಗಿ ಓದುತ್ತದೆ. ನಗುಮುಖ ಅಂದದ್ದು 'ತ್ಸು'. ಡಿಗ್ರಿ ಬೇಕಾದರೆ ಅದಕ್ಕೆ 223 ಎಂದೇ ಹೇಳಬೇಕು. ಅದೂ ನಿಜಕ್ಕೆ ಜಪಾನಿ ಅಕ್ಷರದ ಪಕ್ಕ ಹಾಕುವ ಸಣ್ಣ ಸೊನ್ನೆ. ಇದು ಗೊತ್ತಾದ ದಿನ ಭಾವ ಸಿಟ್ಟಾಗಲಿಲ್ಲ, ಕನ್ನಡಾಭಿಮಾನಿಯಾದರು. ಜಪಾನಿ ಬರುವುದಾದರೆ ಕನ್ನಡ ಯಾಕೆ ಬರಬಾರದು?

ಚಿಪ್ಪಿನಲ್ಲಿ ನಮ್ಮ ಸ್ವಂತಕ್ಕೆ ಎಂಟು ಅಕ್ಷರದ ಜಾಗ ಬಿಟ್ಟಿದ್ದಾರೆ. ಒಂದೊಂದೂ ಐದು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರ. ಐದು ಚುಕ್ಕೆಯಲ್ಲಿ ಕನ್ನಡದ ಕೊಂಬು, ಗುಡಿಸು, ಒತ್ತು! ಮೂರು ದಿನ ಗ್ರಾಫ್ ಹಾಳೆ ಮೇಲೆ ರಂಗೋಲಿಯ ಹಾಗೆ ಚುಕ್ಕೆಯಿಟ್ಟು 'ಬಿಸಿ' ಎಂದು ಬರೆದರು. ಪಕ್ಕದ ಮನೆಯ ಮಾಮಿ ಬಂದು ನೋಡಿ ಹೌಹಾರಿ, "ಬಿಪಿ ನಲವತ್ತಾರಾ? ಕೂತ್ಕೊಳಿ ಮೊದಲು, ನಿಂತಿರಬೇಡಿ" ಅಂದರು. ಕನ್ನಡ ಅಲ್ಲಿಗೆ ನಿಂತಿತು.

ಕಿಟಕಿಯ ಕಥೆ ಇನ್ನೂ ಇದೆ. ಭಾವ ಸ್ಕೇಲ್ ಇಟ್ಟು ಅಳೆದು 80ಕ್ಕೆ 36 ಮಿಲಿಮೀಟರ್ ಎಂದು ಚೀಟಿ ಬರೆದುಕೊಟ್ಟರು. ಆಚಾರ್ರು ಚೀಟಿಯನ್ನೂ ಪರದೆಯನ್ನೂ ನೋಡಿ, "ಸ್ವಾಮಿ, ಕಾಣೋ ಭಾಗಕ್ಕೆ ಮಾತ್ರ ತೂತು ಸಾಕಲ್ವಾ?" ಅಂದರು. "ಲೆಕ್ಕದಲ್ಲಿ ನನಗೆ ಹೇಳಬೇಡಿ ಆಚಾರ್ರೇ" ಅಂದರು ಭಾವ. 80ಕ್ಕೆ 36 ಎಂಬುದು ಹಸಿರು ಬೋರ್ಡಿನ ಅಳತೆ. ಮುಂದಿನ ಲೋಹದ ಚೌಕಟ್ಟು ಸುಮಾರು 71ಕ್ಕೆ 24. ತಾತನ ಕಾಲದ ತೇಗದಲ್ಲಿ ಅಚ್ಚುಕಟ್ಟಾಗಿ ತೂತು ಬಿತ್ತು, ಅದರೊಳಗಿಂದ ಪರದೆಯೂ ಅಚ್ಚುಕಟ್ಟಾಗಿ ಆಚೆ ಬಿತ್ತು. ಕೊನೆಗೆ ಗಾಜು ಒಡೆದಿದ್ದ ರಾಯರ ಸಣ್ಣ ಪಟದ ಕಟ್ಟನ್ನು ತಂದು ತೂತಿಗೆ ಮುಚ್ಚಿದರು. ಈಗಲೂ ಧೂಳು ಒರೆಸುವಾಗ ಅಕ್ಕನ ಕೈ ತಾನಾಗಿ ಕಣ್ಣಿಗೆ ಹೋಗುತ್ತದೆ.

ಇಷ್ಟೆಲ್ಲ ಆಗಿ ಎಲ್ಲವೂ ಸರಿಯಾಯಿತು. ಆಗ ಹೊಸ ಸಂಕಟ ಶುರುವಾಯಿತು. ಆ ಕಂಪ್ಯೂಟರಿನಲ್ಲಿ ನಡೆಯುವುದು ಕರೆಂಟ್ ಬಿಲ್ ಕಟ್ಟುವುದು, ಹರಿಕಥೆ ಕೇಳುವುದು. ಪರದೆ ಮೂರು ಹೊತ್ತೂ 'ಸಿಪಿಯು 3%' ಎಂದು ತೋರಿಸುತ್ತದೆ. ನೂರಕ್ಕೆ ಮೂರು ಎಂಬುದು ಉಳಿತಾಯ ಖಾತೆಯ ಬಡ್ಡಿಯ ಹಾಗೆ ಭಾವನಿಗೆ ಅವಮಾನವಾಗಿ ಕಂಡಿತು. ಪ್ರೈಮ್95 ಎಂಬ ಪ್ರೋಗ್ರಾಮ್ ಹಾಕಿದರು. ಅದು ದೈತ್ಯ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವ ನೆಪದಲ್ಲಿ ಯಂತ್ರದ ಬೆವರಿಳಿಸುತ್ತದೆ. 84 ಡಿಗ್ರಿ! ಭಾವನ ಮುಖದಲ್ಲಿ ಪ್ರಮೋಷನ್ ಬಂದ ಕಳೆ. "ಗೃಹಜ್ಯೋತಿ ಇನ್ನೂರು ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ಅದನ್ನ ತೋರಿಸುತ್ತೇನ್ರೀ ನಿಮ್ಮ ಕಿಟಕಿ?" ಎಂದು ಅಕ್ಕ ಅಡುಗೆಮನೆಯಿಂದ ಕೂಗಿದಳು. ಬಂದ್ ಮಾಡಿ ಮಲಗಿದರು.

ರಾತ್ರಿ ಎರಡು ಗಂಟೆಗೆ ನನಗೆ ಫೋನ್. "ಆಫ್ ಮಾಡಿದೀನಿ, ಆದರೂ ಎಂಬತ್ನಾಲ್ಕು ಇದೆ ಕಣಯ್ಯಾ!"

"ಮುಟ್ಟಿ ನೋಡಿದಿರಾ ಭಾವ?"

"ಮುಟ್ಟಿದರೆ ತಣ್ಣಗಿದೆ. ಆದರೆ ಎಂಬತ್ನಾಲ್ಕು ಅಂತಿದೆಯಲ್ಲ."

ಬೆರಳನ್ನು ನಂಬುವುದೋ, ಪರದೆಯನ್ನೋ? ಭಾವನ ಮಟ್ಟಿಗೆ ಬೆರಳಿಗೆ ದಾಖಲೆಯಿಲ್ಲ. ಕಂಪ್ಯೂಟರ್ ಆರಿಸಿದರೂ ಗೋಡೆಯ ಸ್ವಿಚ್ ಹಾಕಿದ್ದರೆ ಅನೇಕ ಮದರ್‌ಬೋರ್ಡುಗಳ ಯುಎಸ್‌ಬಿಯಲ್ಲಿ 5 ವೋಲ್ಟ್ ಹರಿಯುತ್ತಲೇ ಇರುತ್ತದೆ. ಮ್ಯಾನೇಜರ್ ಮನೆಗೆ ಹೋಗಿ ಮಲಗಿದ್ದರು. ಹೆಡ್ ಕ್ಲರ್ಕ್ ಮಾತ್ರ ಕೊನೆಯ ಅಂಕಿ ಹಿಡಿದು ಬೆಳಗಿನವರೆಗೂ ಕೂತಿದ್ದ. ಐದು ಸೆಕೆಂಡ್ ಸುದ್ದಿ ಬರದಿದ್ದರೆ ಪರದೆ ಒರೆಸು ಎಂದು ಮೂರು ಸಾಲು ಸೇರಿಸಿದ ಮೇಲೆ ಮನೆಮಂದಿಗೆ ನಿದ್ದೆ ಬಂತು.

ಆಯುಧಪೂಜೆಯ ದಿನ ನಾನೂ ಇದ್ದೆ. ಆರತಿ ಎತ್ತುವಾಗ ದೇವರು ಕಣ್ಣು ಬಿಟ್ಟಿರಬೇಕೆಂದು ಭಾವ ಕಂಪ್ಯೂಟರನ್ನು ಆನ್ ಮಾಡಿಯೇ ಇಟ್ಟಿದ್ದರು. ಅಕ್ಕ ಕುಂಕುಮವಿಟ್ಟು, ಮೊಳದುದ್ದದ ಚೆಂಡುಹೂವಿನ ದಪ್ಪ ಹಾರವನ್ನು ಮುಂದಿನ ಜಾಲಂಧ್ರದ ಮೇಲೆ ಇಳಿಬಿಟ್ಟಳು. 46, 51, 58, 63... "ನೋಡಿದೆಯಾ!" ಭಾವನ ಧ್ವನಿ ನಡುಗುತ್ತಿತ್ತು, "ಗಾಳಿ ಕಟ್ಟಿದೆ! ಇದು ಇಲ್ಲದಿದ್ದರೆ ಗೊತ್ತೇ ಆಗುತ್ತಿರಲಿಲ್ಲ!" ಆರು ತಿಂಗಳಲ್ಲಿ ಮೊದಲ ಬಾರಿ ಕಿಟಕಿ ಕೆಲಸಕ್ಕೆ ಬಂದಿತ್ತು. ಅಕ್ಕ ಹಾರವನ್ನು ಎತ್ತಿ ಮಿಕ್ಸಿಗೆ ಹಾಕಿದಳು.

ಕಳೆದ ವಾರ ಹೋದಾಗ ಭಾವ ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲ ಮುಂದೆ ಟೇಪ್ ಹಿಡಿದು ನಿಂತಿದ್ದರು. ಈ ಸಲ ಅಂಗೈ ಮೇಲೆ 71, 24 ಎಂದು ಸರಿಯಾಗಿಯೇ ಬರೆದುಕೊಂಡಿದ್ದರು.